ತಾಮ್ರ ಇಣುಕಿದಲ್ಲಿ

ಷೆಫೀಲ್ಡಿನ ಒಂದು ಹಿತ್ತಿಲ ಅಂಗಳ, ಮರದ ಮೆಟ್ಟಿಲು, ಮೇಲೊಂದು ಕೋಣೆ.
ಕ್ಲೆಮೆಂಟ್ ಸ್ಟಾನಿಫೋರ್ತ್ ಆ ಪ್ಲೇಟನ್ನು ಕಿಟಕಿಗೆ ಹಿಡಿಯುತ್ತಾನೆ.
ಅಂಚಿನಿಂದ ಎರಡು ಬೆರಳು ಒಳಗೆ
ಬೆಳ್ಳಿ ಸವೆದು ತಾಮ್ರ ಕೆಂಪಗೆ ಇಣುಕಿದೆ.
‘ರಕ್ತ ಬರ್ತಿದೆ ಇದಕ್ಕೆ’ ಅನ್ನುತ್ತಾನೆ.
ಕಸುಬಿನ ಮಾತು ಅದು. ತಂದವಳು, ಥಿಯಾ ಡಂಗ್‌ವರ್ತ್,
ತನ್ನ ಬೆರಳು ನೋಡಿಕೊಳ್ಳುತ್ತಾಳೆ.

ಮತ್ತೆ ಬೆಳ್ಳಿ ಹಾಕಲಾ? ನಲವತ್ತು ಪೌಂಡು.
ಯೋಚಿಸಲಿ ಅವಳು. ಅಷ್ಟರಲ್ಲಿ
ನಾನು ಆ ಮಾತಿನ ಬೆನ್ನು ಹತ್ತಿ ಬರುತ್ತೇನೆ.

ಮೊದಮೊದಲು ಅದಕ್ಕೆ
ಚಪ್ಪಟೆಯಾಗಿರುವುದೊಂದೇ ಗೊತ್ತಿತ್ತು.
ಗ್ರೀಕರ ಬಾಯಲ್ಲಿ ಬರೀ ಅಗಲ.
ಫ್ರೆಂಚರ ಕುಲುಮೆಯಲ್ಲಿ ಏಟು ತಿಂದು ತಗಡು.
ತಟ್ಟಿದರೆ ತಟ್ಟೆ ಅನ್ನುತ್ತದಲ್ಲ ನಮ್ಮ ಕಿವಿ, ಹಾಗೆ.
ಸ್ಪೇನಿನವರಿಗೋ ಬೆಳ್ಳಿಯೇ ಅದು, ಬೇರೆ ಹೆಸರು ಬೇಡ.
ಕಡಲು ದಾಟಿ ಇಂಗ್ಲೆಂಡಿಗೆ ಬಂದಾಗ
ಕೈಯಲ್ಲಿ ಅನ್ನವಿರಲಿಲ್ಲ, ರೊಟ್ಟಿಯಿರಲಿಲ್ಲ.
ಎದೆಗೆ ಕಟ್ಟಿಕೊಂಡರು. ಮೊಣಕಾಲಿಗೆ ಕಟ್ಟಿಕೊಂಡರು.
ಕುದುರೆಯ ಹಣೆಗೂ ಒಂದು ಕಟ್ಟಿದರು.
ಊಟಕ್ಕೆ ಕೂತದ್ದು ತೀರ ತಡವಾಗಿ,
ಕತ್ತಿ ಒರೆಗೆ ಸೇರಿದ ಯಾವುದೋ ಸಂಜೆ,
ಅದೂ ದೊರೆಗಳ ಮೇಜಿನಲ್ಲಿ.

ಆಮೇಲೆ ಈ ಊರು ಅದಕ್ಕೊಂದು ಹೊಸ ಬುದ್ಧಿ ಕಲಿಸಿತು:
ತಾಮ್ರದ ಗಟ್ಟಿಯ ಮೇಲೆ ಬೆಳ್ಳಿಯ ಹಾಳೆ,
ಬೆಂಕಿಯಲ್ಲಿ ಎರಡನ್ನೂ ಅಂಟಿಸಿ
ಉರುಳೆಯಡಿ ಲಟ್ಟಿಸಿ ಲಟ್ಟಿಸಿ
ಒಂದೇ ಮೈ ಎಂಬಂತೆ.
ಕತ್ತರಿಸಿದ ಅಂಚು ಮಾತ್ರ ಸುಳ್ಳು ಹೇಳದು,
ಅಲ್ಲಿಗೆ ಬೆಳ್ಳಿ ತಂತಿ ಸುತ್ತಿ ಬಾಯಿ ಮುಚ್ಚಿದರು.

ಥಿಯಾಳ ಅಜ್ಜಿ ಎನಿಡ್ ಹದಿನಾಲ್ಕಕ್ಕೇ ಕೆಲಸಕ್ಕೆ ಸೇರಿದಳು.
ಕಾಲಿಗೆ ಕಂದು ಕಾಗದ, ಅದಕ್ಕೆ ದಾರ,
ತಲೆಗೆ ಕೆಂಪು ಬಟ್ಟೆ,
ತಿರುಗುವ ಚಕ್ರಕ್ಕೆ ಚಮಚದ ಬೆನ್ನೊತ್ತಿ
ಎಣ್ಣೆ ಮರಳಿನಲ್ಲಿ ದಿನಕ್ಕೆ ಹತ್ತಾರು ಡಜನ್.
ಮೂಗು ಸೀನಿದರೆ ಕರವಸ್ತ್ರ ಕಪ್ಪು.
ಪ್ಲೇಟಿನ ಕೆಲಸದವಳು ಎಂದೇ ಹೆಸರು.
ಮನೆಯಲ್ಲಿ ಅವಳು ಉಂಡದ್ದು
ಅಂಚು ಒಡೆದ ಪಿಂಗಾಣಿಯಲ್ಲಿ; ಅದಕ್ಕೂ ಅದೇ ಹೆಸರು.

ನಲವತ್ತಕ್ಕೆ ಹಲ್ಲುಗಳೆಲ್ಲ ಹೋದವು.
ಬಂದ ಹೊಸ ಸೆಟ್ಟಿಗೂ ಪ್ಲೇಟು ಅಂದರು.
ರಾತ್ರಿ ಗಾಜಿನ ಲೋಟದಲ್ಲಿ ಅದು ಒಂದೇ ಸಮ ನಗುತ್ತಿತ್ತು.
ಮಂಜಿನಲ್ಲಿ ಜಾರಿ ಸೊಂಟ ಮುರಿದುಕೊಂಡ ವರ್ಷ
ಒಳಗೇ ಒಂದನ್ನು ಇಟ್ಟು ಹೊಲಿದರು, ಆರು ಸ್ಕ್ರೂ.
ಈ ಊರಿನ ಉಕ್ಕೇ ಏನ್ರೀ? ಕೇಳಿದಳಂತೆ ಡಾಕ್ಟರನ್ನು,
ಬೇರೆ ಊರಿನದಾದರೆ ವಾಪಸು ತಗೊಳ್ಳಿ.
ಭೂಮಿಯೇ ಪ್ಲೇಟುಗಳ ಮೇಲೆ ಕೂತು ಜರುಗುತ್ತಿದೆ ಎಂದು
ಥಿಯಾ ಶಾಲೆಯಿಂದ ಕಲಿತು ಬಂದ ದಿನ
ಎನಿಡ್ ನಂಬಲಿಲ್ಲ.
‘ಉಜ್ಜೋರು ಯಾರು ಮತ್ತೆ?’ ಅಂದಳು.

ಇದು ಅವಳ ಸ್ವಂತದ್ದಲ್ಲ. ಬೆಟ್ಟದ ಮೇಲಿನ ಪ್ರಾರ್ಥನಾ ಮಂದಿರ
ಮುಚ್ಚಿ ಕಾರ್ಪೆಟ್ ಅಂಗಡಿಯಾದಾಗ
ಯಾರಿಗೂ ಬೇಡದ್ದನ್ನು ಕೋಟಿನೊಳಗಿಟ್ಟು ತಂದಳು:
ಭಾನುವಾರದ ಕಾಣಿಕೆಯ ಪ್ಲೇಟು.
ಬೆಂಚಿನಿಂದ ಬೆಂಚಿಗೆ, ಕೈಯಿಂದ ಕೈಗೆ,
ಕುಲುಮೆಯವರು, ಗಣಿಯವರು, ಗರಗಸಕ್ಕೆ ಹಲ್ಲು ಕೊರೆಯುವವರು
ಹೆಬ್ಬೆರಳೂರಿ ಹಿಡಿದದ್ದು ಒಂದೇ ಜಾಗದಲ್ಲಿ.
ಪೆನ್ನಿಯನ್ನು ಎನಿಡ್ ಎತ್ತರದಿಂದ ಬೀಳಿಸುತ್ತಿರಲಿಲ್ಲ,
ಮೆಲ್ಲಗೆ ಮಲಗಿಸುತ್ತಿದ್ದಳು,
ಶಿಲ್ಲಿಂಗ್ ಅಲ್ಲವೆಂದು ಯಾರಿಗೂ ಕೇಳಿಸದಂತೆ.

ಥಿಯಾ ತನ್ನ ಹೆಬ್ಬೆರಳನ್ನು
ಆ ಕೆಂಪಿನ ಮೇಲಿಟ್ಟು ನೋಡುತ್ತಾಳೆ.
ಸರಿಯಾಗಿ ಕೂರುವುದಿಲ್ಲ. ಸಣ್ಣದು.
‘ಬೇಡ, ಹಾಗೇ ಇರಲಿ’ ಅನ್ನುತ್ತಾಳೆ.
ಕ್ಲೆಮೆಂಟ್ ಹಳೆಯ ಪತ್ರಿಕೆಯಲ್ಲಿ ಸುತ್ತಿ ಕೊಡುತ್ತಾನೆ,
ದುಡ್ಡು ತಗೊಳ್ಳುವುದಿಲ್ಲ, ಟೀಗೂ ಕರೆಯುವುದಿಲ್ಲ.

ಬಸ್ಸು ತಡ. ಮನೆ ಸೇರಿದಾಗ ಎಂಟೂವರೆ.
ತೊಳೆದಿಟ್ಟ ಪಾತ್ರೆ ಒಂದೂ ಇಲ್ಲ.
ಪೊಟ್ಟಣ ಬಿಚ್ಚಿ, ಬಿಸಿ ಮೀನು, ಚಿಪ್ಸು,
ಮೇಲಿಷ್ಟು ವಿನಿಗರ್,
ಅದರಲ್ಲೇ ಸುರಿದುಕೊಂಡು ಉಣ್ಣುತ್ತಾಳೆ,
ತಾಮ್ರ ಇಣುಕಿದ ಕಡೆ ತನ್ನತ್ತ ತಿರುಗಿಸಿಕೊಂಡು.