ಪುಕ್ಕಟೆ ಡಬ್ಬಿ

ಮುನಿರಾಬಾದಿನ ಹಿನ್ನೀರ ದಂಡಿ ಮ್ಯಾಲ
ಬೋರಲು ಬಿದ್ದಿತ್ತು ದೋಣಿ.
ಅದರ ನೆರಳಾಗ ಒಂದು ಆಡು, ಮೂರು ಮರಿ.
ಮೊದಲು ಆಡಿನ ರೇಟು ಕೇಳಿದೆ.
ದೋಣಿ ಬೇಕಂತ ಬಂದಾಕಿ
ದೋಣಿ ಕಡೆ ನೋಡಬಾರದು,
ಕೊಪ್ಪಳದ ಗಂಜಿನಾಗ ಇಪ್ಪತ್ತೊಂದು ವರ್ಷ
ಲಾರಿ ತಾಡಪತ್ರಿ ಹೊಲಿದಾಕಿಗೆ
ಇಷ್ಟರ ವ್ಯಾಪಾರ ಗೊತ್ತೈತಿ.

ಆಡು ಮಾರೂದಿಲ್ಲ ಅಂದಳು ಪೈಡಮ್ಮ.
ಗಂಡನ ಜೋಡಿ ಸಮುದ್ರ ಬಿಟ್ಟು
ಈ ಕಟ್ಟಿ ಹಾಕಿದ ನೀರಿಗೆ ಬಂದಾಕಿ;
ಬೈಯೂದು ಕನ್ನಡದಾಗ,
ರೊಕ್ಕ ಎಣಿಸೂದು ಇನ್ನೂ ತೆಲುಗಿನಾಗ.
"ಮತ್ತ ಇದು?" ಅಂದೆ, ಕಾಲಿಲೆ ತೋರಿಸಿ,
ದಾರ್ಯಾಗ ಬಿದ್ದ ಕರಟ ತೋರಿಸಿದಂಗ.
"ಇದಾ?" ಅಂದಳು ಆಕಿನೂ,
ಹಂಗ.

ನಾಕು ಮಂದಿ ಕೂಡಿ ಮಗುಚಿದಿವಿ.
ಗಡಿಗಿ ಕೊಳ್ಳಾಕಿ ಬಡದು ನೋಡಿದಂಗ
ಬೆರಳ ಗಣ್ಣಿಲೆ ಹಲಗಿ ಹಲಗಿ ಬಡದೆ.
ಗಡಿಗಿ ಠಣ್ ಅನ್ನಬೇಕು. ದೋಣಿ ಏನನ್ನಬೇಕು?
ಗೊತ್ತಿದ್ದಾಕಿಯಂಗ ಹೂಂ ಅಂದೆ.
ದಬ್ಬಣ ತಗದು ಚುಚ್ಚಿದೆ; ತುದಿಗೆ ಹತ್ತಿ ಬಂದದ್ದು
ಒಂದು ಮೀನಿನ ಹುರುಪಿ, ಒಂದೀಟು ಕರಿ ಹಿಟ್ಟು.

ಆಮ್ಯಾಲ ಹಾಯಿ ಬಿಚ್ಚಿದಳು.
ಅದು ನನಗ ಓದಾಕ ಬರ್ತೈತಿ.
ಯೂರಿಯಾ ಚೀಲ ಹನ್ನೊಂದು, ಎಲೆಕ್ಷನ್ ಬ್ಯಾನರು ಒಂದು,
ಯಾರವೋ ಮುಗಿದ ಕೈ ಅಷ್ಟ ಉಳಿದಾವ, ಮಾರಿ ಇಲ್ಲ.
ಹೊಲಿಗಿ ಗಂಡಸಿನ ಕೈಯದು:
ಗಾಳಿ ಎಳಿಯೋ ಕಡೆ ಸಡಿಲ,
ಎಳಿಯದ ಕಡೆ ಹತ್ತು ಗಂಟು.
"ಯಾರು ಹೊಲದದ್ದು?" ಅಂದೆ, ನಗು ತಡಕೊಂಡು.
"ಅವರೇ."
ಅಂದು ಗುಡ್ಡದ ಕಡೆ ನೋಡಿದಳು.
ಹೊಲಿಗಿ ಮಾತು ಅಲ್ಲಿಗೇ ಬಿಟ್ಟೆ.
ಬಿಟ್ಟಿದ್ದಕ್ಕ ನನಗ ಐನೂರು ಹೋತು.

"ಮೀನ ಹಿಡೀತಿಯಾ?"
"ಇಲ್ಲ."
"ಹುಲ್ಲು ತರ್ತಿಯಾ?"
"ಹೂಂ, ಹುಲ್ಲು."
ಹುಲ್ಲಿಗೆ ಯಾರರ ಹಾಯಿದೋಣಿ ಕೊಳ್ತಾರೇನು?
ಇಲ್ಲಿಂದ ಎರಡು ಹರದಾರಿ, ನೀರಿನ ತೆಳಗ
ನಮ್ಮವ್ವ ಹುಟ್ಟಿದ ಮನಿ ಐತಿ,
ಆಕಿ ಜಾರಿ ಹಲ್ಲು ಮುರಕೊಂಡ ದರ್ಗಾದ ಕಟ್ಟಿ ಐತಿ,
ನೀರು ಇಳಿದ ವರ್ಷ ಗ್ವಾಡಿ ತುದಿ ಕಾಣ್ತಾವಂತ.
ಇದನ್ನ ಬಾಯಿ ಬಿಟ್ಟರ
ರೇಟು ಎರಡು ಸಾವಿರ ಏರ್ತೈತಿ.
ನುಂಗಿದೆ.

ಒಂಬತ್ತು ಅಂದಳು. ಐದು ಅಂದೆ.
ಎದ್ದು ಹತ್ತು ಹೆಜ್ಜಿ ಹೋದೆ, ಕರೀಲಿಲ್ಲ;
ಚಪ್ಪಲಿ ಬಿಟ್ಟು ಬಂದಿದ್ದೆ ಅಂತ ತಿರುಗಿ ಬಂದೆ.
ಏಳೂವರಿಗೆ ನಿಂತಿತು.
ಒಕಟಿ, ರೆಂಡು, ಮೂಡು, ಹದಿನೈದು ನೋಟು,
ಒಂದೊಂದನ್ನೂ ಬಿಸಲಿಗೆ ಹಿಡಿದು ನೋಡಿದಳು.
ಬಿದಿರಿನ ಗಳ ಬಂತು, ಹುಟ್ಟು ಒಂದು ಬಂತು,
ಇನ್ನೊಂದು ಒಲಿಗೆ ಹೋಗಿತ್ತಂತ.

ಹತ್ತಿ ಕುಂತ ಮ್ಯಾಲ ಓಡಿ ಬಂದಳು ನೀರಾಗ,
ಒಂದು ತುಕ್ಕು ಹಿಡಿದ ಡಾಲ್ಡಾ ಡಬ್ಬಿ ನನ್ನ ಉಡಿಗೆ ಒಗದಳು.
"ಮಾಬವ್ವಾ, ಇದು ಪುಕ್ಕಟೆ."
ಹಗ್ಗದ ತುಂಡಿಗೆ ಅರ್ಧ ತಾಸು ಜಗಳಾಡಿದಾಕಿ
ಪುಕ್ಕಟೆ ಅಂದಾಗಲೇ ನನಗ ತಿಳೀಬೇಕಿತ್ತು.

ಗಾಳಿ ಬಂತು.
ಆ ಸಡಿಲ ಹೊಲಿಗಿ ಇತ್ತಲ್ಲ,
ಅಲ್ಲೇ ಹಾಯಿಗೆ ಹೊಟ್ಟಿ ಬಂತು.
ತಾಡಪತ್ರಿ ಗಾಳಿ ತಡೀಬೇಕು, ಹಾಯಿ ಗಾಳಿ ಉಣಬೇಕು;
ಇಪ್ಪತ್ತೊಂದು ವರ್ಷದ ದಬ್ಬಣ
ಉಡ್ಯಾಗ ಸುಮ್ಮನ ಮಲಗಿತು.

ದಂಡಿ ಸಣ್ಣಾತು, ಆಡು ಚುಕ್ಕಿಯಾತು,
ಆಗ ಮೂರನೇ ಹಲಗಿ ಸಂದಿಯಿಂದ
ಅಂಗಾಲಿಗೆ ತಣ್ಣಗ.

ಆಕಿ ಇದನ್ನ ಹೇಳಿರಲಿಲ್ಲ.
ನಾನು ಅದನ್ನ ಹೇಳಿರಲಿಲ್ಲ.
ಲೆಕ್ಕ ಸರಿ ಆತು.
ಒಂದು ಕೈಯಾಗ ಹಗ್ಗ, ಒಂದು ಕೈಯಾಗ ಡಬ್ಬಿ,
ಅವ್ವನ ಊರಿನ ನೀರು ಮೊಗದು ಮೊಗದು
ಅವ್ವನ ಊರಿನ ಮ್ಯಾಲೇ ಚೆಲ್ಲಿಕೋತ
ಹೊಂಟೆ.