ಲಾಟ್ ನಂಬರ್ ೧೦೪೭೨೯

ಕೂಡ್ಲೂರಿನ ಕ್ಯೂರಿಂಗ್ ವರ್ಕ್ಸಿನಲ್ಲಿ ಕರೆಂಟು ಹೋಗಿತ್ತು.
ಬಣ್ಣ ನೋಡಿ ಕಾಳು ಬೇರ್ಪಡಿಸುವ ಯಂತ್ರ
ಕಣ್ಣು ಮುಚ್ಚಿ ನಿಂತಿತ್ತು.
ಗುಮ್ಮನಕೊಲ್ಲಿಯಿಂದ ಬರುವ ಹೆಂಗಸರು ಮಾತ್ರ
ಕಿಟಕಿಯ ಬೆಳಕಿಗೆ ಮೇಜೆಳೆದುಕೊಂಡು
ಬೆರಳಲ್ಲೇ ಹೆಕ್ಕುತ್ತಿದ್ದರು.

ನನ್ನದು ಚೀಟಿ ಬರೆಯುವ ಕೆಲಸ.
ಅವತ್ತಿನ ಲಾಟು ಒಂದು ಲಕ್ಷದ ನಾಲ್ಕು ಸಾವಿರದ
ಏಳುನೂರ ಇಪ್ಪತ್ತೊಂಬತ್ತು.
ಕೆಲಸವಿಲ್ಲದ ಪೆನ್ಸಿಲು ಸುಮ್ಮನಿರುತ್ತದೆಯೇ?
ಭಾಗಿಸತೊಡಗಿದೆ.

ಎರಡಕ್ಕೆ ಬಗ್ಗುವುದಿಲ್ಲ, ನೋಡಿದರೇ ಗೊತ್ತು.
ಅಂಕಿ ಕೂಡಿದರೆ ಇಪ್ಪತ್ತಮೂರು; ಮೂರರ ಆಸೆಯೂ ಹೋಯಿತು.
ಐದಕ್ಕೆ ನಾಲ್ಕು ಉಳಿಯಿತು, ಏಳಕ್ಕೆ ಎರಡು,
ಹನ್ನೊಂದಕ್ಕೆ ಒಂಬತ್ತು.
ಹದಿಮೂರಕ್ಕೆ ಸಿಕ್ಕೇಬಿಟ್ಟಿತು ಅಂದುಕೊಂಡೆ,
ಒಂದು ಉಳಿಯಿತು.
ಹತ್ತೊಂಬತ್ತಕ್ಕೂ ಹಾಗೇ, ಒಂದೇ ಒಂದು,
ಮುಚ್ಚಿದ ಬಾಗಿಲಿಗೆ ಸಿಕ್ಕಿಕೊಂಡ ಸೆರಗಿನ ಚುಂಗು.

"ಏನಕ್ಕಾ, ಲೆಕ್ಕ ಕೂಡಿ ಬರ್ಲಿಲ್ವಾ?" ನಬೀಸಾ ಕೇಳಿದಳು.
ಕೂಡುವುದಲ್ಲ ಮಾರಾಯ್ತಿ, ಒಡೆಯುವುದು.

ಅವಳ ಮುಂದೆ ಎರಡು ಗುಡ್ಡೆ.
ಒಂದು ಚಪ್ಪಟೆ ಕಾಳಿನದು: ಒಂದೇ ಹಣ್ಣೊಳಗೆ
ಹೊಟ್ಟೆಗೆ ಹೊಟ್ಟೆ ಒತ್ತಿ ಬೆಳೆದ ಜೋಡಿಗಳು,
ಈಗ ಯಾವುದರ ಜೊತೆ ಯಾವುದೋ.
ಇನ್ನೊಂದು ಪೀಬೆರಿ. ಇಬ್ಬರ ಜಾಗದಲ್ಲಿ
ಒಂದೇ ಬೆಳೆದು ಉರುಟಾದದ್ದು.
ಮೊರ ಓರೆ ಮಾಡಿದರೆ ಮೊದಲು ಉರುಳುವುದು ಅದೇ.
ಒಂದನ್ನೆತ್ತಿ ನನ್ನ ಚೀಟಿಯ ಸೊನ್ನೆಯ ಮೇಲಿಟ್ಟಳು,
ಏನೂ ಹೇಳಲಿಲ್ಲ, ಮತ್ತೆ ಹೆಕ್ಕತೊಡಗಿದಳು.

ಎಲ್ಲಿಯವರೆಗೆ ಒಡೆಯುತ್ತ ಹೋಗುವುದು?
ಮುನ್ನೂರ ಇಪ್ಪತ್ತಮೂರರವರೆಗೆ ಸಾಕು.
ಅದರಾಚೆ ಭಾಜಕವೊಂದು ಅಡಗಿದ್ದರೆ
ಅದರ ಜೋಡಿ ಈಚೆಗೇ ಸಿಕ್ಕಿಬೀಳಬೇಕು,
ಒಬ್ಬ ಕಳ್ಳ ಗುಡ್ಡ ಹತ್ತಿದರೂ
ಜೊತೆಗಾರ ಪೇಟೆಯಲ್ಲೇ ಉಳಿದ ಹಾಗೆ.
ಅರವತ್ತಾರು ಅವಿಭಾಜ್ಯಗಳನ್ನು ಕರೆದು ಕೇಳಿದೆ.
ಏಳು ಚೀಟಿಗಳ ಹಿಂಬದಿ ತುಂಬಿತು.
ಕೊನೆಯದು ಮುನ್ನೂರ ಹದಿನೇಳು;
ನೂರ ಹತ್ತೊಂಬತ್ತು ಶೇಷ ಅಂತ ಬರೆಯುವಾಗ
ಕರೆಂಟು ಬಂತು. ಯಂತ್ರ ಕೆಮ್ಮಿತು.
ಸೂಪರ್‌ವೈಸರ್ ಸೋಮಣ್ಣನೂ ಕೆಮ್ಮಿದರು.

ನಿನ್ನೆ ಸಂಪಾಜೆ ಘಾಟಿ ಇಳಿದ ೧೦೪೭೨೮
ಎಂಥ ಧಾರಾಳಿ! ಎರಡು, ನಾಲ್ಕು, ಎಂಟು, ಹದಿಮೂರು,
ಹತ್ತೊಂಬತ್ತು, ಐವತ್ತಮೂರು, ಯಾರು ಬಂದರೂ
ಶೇಷವಿಲ್ಲದೆ ಪಾಲು.
ಬರೀ ಒಂದು ಹೆಚ್ಚಾದದ್ದಕ್ಕೆ ಇಷ್ಟೊಂದು ಹಟವೇ?

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಬೆಳ್ಯಪ್ಪ ಮೇಷ್ಟ್ರು ಸಿಕ್ಕರು.
ನಂಬರು ಹೇಳಿದೆ. ಮರುದಿನ ಯಾವುದೋ ಹಳೆಯ ಕೋಷ್ಟಕ ನೋಡಿ ಬಂದು
ತಾವೇ ಹೆತ್ತವರಂತೆ ಹಿಗ್ಗಿ ಹೇಳಿದರು:
"ಎರಡರಿಂದ ಎಣಿಸಿದರೆ ಇದು ಸರಿಯಾಗಿ ಹತ್ತು ಸಾವಿರದ್ದು ಕಣಮ್ಮ."
ನನಗೆ ಸ್ವಲ್ಪ ಬೇಸರವಾಯಿತು.
ಒಂಟಿ ಅಂದುಕೊಂಡಿದ್ದೆ. ಅದಕ್ಕೂ ಒಂದು ಸರತಿ,
ಅಲ್ಲೂ ಟೋಕನ್ ನಂಬರು.
ಆ ಹತ್ತು ಸಾವಿರವೋ, ಎರಡಕ್ಕೂ ಐದಕ್ಕೂ ಪುಡಿಪುಡಿ.

"ಮುಂದಿನದು?"
"ಹದಿನಾಲ್ಕು ದಾಟಬೇಕು."

ಕಾದೆ. ಅದು ಬಂದ ದಿನ ನಾನು ರಜೆ,
ತಂಗಿಯ ನಿಶ್ಚಿತಾರ್ಥಕ್ಕೆ ಸೋಮವಾರಪೇಟೆಯಲ್ಲಿ.
ಬದಲಿ ಹುಡುಗ ಚೀಟಿ ಬರೆದಿದ್ದ.
ಲೆಡ್ಜರಿನಲ್ಲಿ ನೋಡಿದೆ:
೧೦೪೭೪೩. ಬಿಬಿಬಿ.
ಕಪ್ಪು, ಕಂದು, ಚೂರು. ನಲವತ್ತು ಮೂಟೆ.