ಜಗಲಿ ಮ್ಯಾಲಿನ ಕೀಲಿಕೈ

ಶೋರೂಮಿನಾಂವ ಎರಡು ಕೊಟ್ಟ.
ಒಂದು ಕಿಸೆದಾಗ ಹೋತು.
ಇನ್ನೊಂದು ಅಂಗೈಯಾಗ ಕುಂತು ನನ್ನ ನೋಡಿತು,
ಹುಣಸಿ ಬೀಜದಂಗ ಕರ್ರಗ, ನಡುವ ಒಂದ ಗುಂಡಿ.
ಕಳಕೊಂಡ್ರ ಐದು ಸಾವಿರ, ಎಂಟು ದಿನ ಕಾಯೂದು,
ಅಂತ ಮರಾಠ್ಯಾಗ ಹೇಳಿದ.

ಎಲ್ಲಿ ಇಡೂದು?
ತಿಜೋರಿಯೊಳಗ, ಅಂದಳು ಮಹಾನಂದಾ.
ತಿಜೋರಿ ಕೀಲಿಕೈ ಹೋಗಿ ಎರಡು ದೀಪಾವಳಿ ಆತು,
ಈಗ ಅದನ್ನ ತೆಗಿಯೂದು ಚಮಚದ ಹಿಡಿಕಿಲೆ.
ಸೀಟಿನ ಬುಡಕ ಇಡು ಅಂದ ದಸ್ತಗೀರ,
ಅಂದು ತಾನ ನಕ್ಕ,
ಸೀಟ ತೆಗಿಯಾಕೂ ಅದ ಕೀಲಿಕೈ ಬೇಕಲ್ಲ!
ಆಮ್ಯಾಲ ಹಳೇ ರೇಡಿಯೋದ ಚುಂಬಕ ಬಿಚ್ಚಿ ತಂದ.
ಮೊದಲ ಪರೀಕ್ಷಾ ನೋಡೂಣು ಅಂತ
ಕೀಲಿಕೈ ಬದಲಿ ಒಂದು ನಟ್ಟು ಕಟ್ಟಿ
ಟಾಕಿ ಬುಡಕ ಅಂಟಿಸಿದ್ವಿ.
ವಾಗ್ದರಿ ದಾರಿ ತೆಗ್ಗಿನಾಗ ಎಲ್ಲಿ ಬಿತ್ತೋ,
ಇವತ್ತಿಗೂ ಧೂಳದಾಗ ಕುಂತು
ಎತ್ತಿನ ಲಾಳದ ಮೊಳಿ ಆರಿಸಿಕೋತ ಇದ್ದೀತು.

ಜ್ವಾಳದ ಡಬ್ಬಿ ಚಲೋ ಜಾಗಾ, ಖರೆ.
ಆದ್ರ ನಮ್ಮ ಮನ್ಯಾಗ ಜ್ವಾಳ ನಿಲ್ಲೂದಿಲ್ಲ.
ದಿನಾ ಮುನ್ನೂರು ಕಡಕ ರೊಟ್ಟಿ
ಸೋಲಾಪುರಕ್ಕ ಹೋಗಬೇಕು,
ಬಾಜೂಕ ಶೇಂಗಾ ಚಟ್ನಿ ಪಾಕೀಟು.
ನಾಲ್ಕನೇ ದಿನ ಗಿರಣಿಯೊಳಗ
ಠಣ್ ಅಂತು.
ಗಿರಣಿ ರೇವಣಪ್ಪ ಪಟ್ಟಾ ನಿಲ್ಲಿಸಿ ಬೈದ ಬೈಗಳಿಗೆ
ಎರಡು ಭಾಷಾ ಸಾಲಲಿಲ್ಲ, ಮೂರನೇದಕ್ಕ ಹೋದ.
ಕೀಲಿಕೈ ಬದುಕಿತ್ತು,
ಮೈತುಂಬ ಹಿಟ್ಟು, ಈಬತ್ತಿ ಬಡಕೊಂಡಂಗ.

ಅದನ್ನ ಕಂಡು ನಮ್ಮವ್ವ ನೀಲವ್ವ,
ಇದು ಹಿಂಗ ಬಂದೈತಿ ಅಂದ್ರ ಜಗಲಿಗೇ ಬಂದೈತಿ, ಅಂದು
ದೇವರ ಮಗ್ಗಲಾಗ, ಅಜ್ಜನ ಬೆಳ್ಳಿ ಕರಡಿಗಿ ಬಾಜೂಕ
ಇಟ್ಟಬಿಟ್ಟಳು.

ಮುಂಜಾನೆ ಐದಕ್ಕ ಪೂಜಾ.
ಒದ್ದಿ ಅರಿವಿಲೆ ಒರಸೂವಾಗ
ಹೆಬ್ಬೆಟ್ಟು ಗುಂಡಿ ಮ್ಯಾಲ ಬೀಳತೈತಿ.
ಅಂಗಳದಾಗ ಗಾಡಿ ಕಣ್ಣು ಮಿಟುಕಿಸಿ
ಪೀಂ ಪೀಂ.
ಮೊದಲನೇ ದಿನ ಅವ್ವ ಬೆಚ್ಚಿದಳು,
ಎರಡನೇ ದಿನ ಕೈ ಮುಗದಳು.
ಐವತ್ತು ವರ್ಷ ಪೂಜಾ ಮಾಡೀನಿ,
ಕರದರ ಯಾವ ದೇವರೂ ಓ ಅಂದಿದ್ದಿಲ್ಲ,
ಇದು ಅಂತೈತಿ ನೋಡು.
ನಾ ಬ್ಯಾಟರಿ, ಸೆಲ್ಲು ಅಂತ ಏನೋ ಹೇಳಾಕ ಹೋದೆ.
ಮಹಾನಂದಾ ಹಿಟ್ಟಿನ ಕೈಲೆ ನನ್ನ ಬಾಯಿ ಮುಚ್ಚಿದಳು.

ಶ್ರಾವಣದ ಒಂದು ಸಂಜಿ, ನವೀ ಪೇಠದಾಗ
ರೊಟ್ಟಿ ಕಟ್ಟು ಎಣಿಸಾಕ ಬಗ್ಗಿದೆ.
ಅಂಗಿ ಕಿಸೆಯೊಳಗಿಂದ ಜಾರಿ ಕೀಲಿಕೈ
ಗಟಾರದಾಗ ಗುಳುಂ.
ಕಟಗಿ ಹಾಕಿ ಕೆದರಿದೆ, ಚಹಾದಂಗಡಿ ಹುಡುಗ ಕೈ ಹಾಕಿದ,
ಸಿಕ್ಕದ್ದು ಒಂದು ಕಾಲ್ಗೆಜ್ಜಿ, ಯಾರದೋ.
ಗಾಡಿ ಹ್ಯಾಂಡಲ್ ಜಗ್ಗಿದೆ,
ಮುನಿಸಿಕೊಂಡ ಎಮ್ಮಿ ಕೊಂಬು ಹಿಡದಂಗ.

ಮನಿಗೆ ಫೋನ್ ಹಚ್ಚಿದೆ.
ಮೈಂದರ್ಗಿಯಿಂದ ಕಡೇ ಎಸ್.ಟಿ. ಬಿಡಾಕ ಹತ್ತ ಮಿನಿಟು.
ದಸ್ತಗೀರ ಚಪ್ಪಲ್ಲಿಲ್ಲದ ಓಡಿದನಂತ.
ಅವ್ವ ಜಗಲಿ ಮುಂದ ನಿಂತು
ಕೊಡೂಕಿಂತ ಮೊದಲ ಒಮ್ಮೆ ಗುಂಡಿ ಒತ್ತಿದಳಂತ.
ಅಂಗಳ ಸುಮ್ಮನಿತ್ತು.
ಇಲ್ಲಿ, ಐವತ್ತು ಕಿಲೋಮೀಟರ್ ಈಚಿಗೆ,
ಗಾಡೀನೂ ಸುಮ್ಮನಿತ್ತು.

ರಾತ್ರಿ ಒಂಬತ್ತೂವರಿ, ಸ್ಟ್ಯಾಂಡು.
ಕಂಡಕ್ಟರ್ ಮಾನೆ ಟಿಕೀಟ್ ಚೀಲದಾಗಿಂದ ತೆಗದ,
ಹಳದಿ ಅರಿವ್ಯಾಗ ಗಂಟು, ಹರಕಿ ರೊಕ್ಕ ಕಟ್ಟಿದಂಗ,
ಒಳಗ ಬಾಡಿದ್ದೊಂದು ಕಣಗಲ ಹೂ.
'ಕುಣಾಚೀ ಕಿಲ್ಲೀ?' ಅಂದ.
ನಂದ್ರೀ, ಅಂದೆ.
ಅವರ ಮಾತಿನಾಗ ಅದು ಬರೇ ಕಿಲ್ಲಿ.
ನಮ್ಮದರಾಗ ಕೀಲಿಗೊಂದು ಕೈ ಇರತೈತಿ.
ಅಷ್ಟು ದೂರ ಚಾಚಿ ಬಂದದ್ದು,
ಟಿಕೀಟಿಲ್ಲದ.

ಈಗ ಉಳಿದದ್ದು ಅದೊಂದ.
ಹೊಸಾದಕ್ಕ ರೊಕ್ಕ ಕೂಡಿಸಾಕತ್ತೀವಿ,
ರೊಟ್ಟಿಗೆ ಎಂಟಾಣೆ ಲೆಕ್ಕದಾಗ.
ಅಲ್ಲೀತನಕ ಮುಂಜಾನೆ ಐದಕ್ಕ
ನಾನ ಎದ್ದು ಅದನ್ನ ಜಗಲಿ ಮ್ಯಾಲ ಇಡತೇನಿ,
ಪೀಂ ಪೀಂ ಆದ ಮ್ಯಾಲ ಇಸಗೋತೇನಿ.
ಕಿಸೆದಾಗ ಹಾಕಬ್ಯಾಡೋ, ಅಂತಾಳ ಅವ್ವ,
ಕೊಳ್ಳಾಗ ಕಟ್ಟಿಕೋ.
ಕಟ್ಟಿಕೊಂಡೇನಿ.
ತೆಗ್ಗು ಬಂದಾಗೊಮ್ಮೆ
ಎದಿಗೆ ಬಡಿತೈತಿ.